ಮೂರರಲ್ಲಿ ಎರಡು

ಚೌಕಿಪೇಟೆ ಹಿಂದಿನ ಗಲ್ಲಿಯಲ್ಲಿ ನಮ್ಮದು ರಿವೈಂಡಿಂಗ್ ಅಂಗಡಿ.
ಬೋರ್‌ವೆಲ್ಲಿನದು, ಹಿಟ್ಟಿನ ಗಿರಣಿಯದು, ಕೂಲರಿನದು,
ಸುಟ್ಟ ಮೋಟರು ಯಾವುದೇ ಇರಲಿ
ಮೂಸಿ ಹೇಳುತ್ತೇನೆ
ಎಷ್ಟು ಹೊತ್ತು ಒದ್ದಾಡಿ ಸತ್ತಿತೆಂದು.

ಅಂಥ ನನ್ನ ಮೇಜಿನ ಮೇಲೆ
ಪಾಲುದಾರ ಗೌಸ್‌ಪೀರನ ಮಗಳು ಮೆಹಜಬೀನ್
ಒಂದು ದೋಣಿ ತಂದಿಟ್ಟಳು.
ಎರಡು ಮೊಳಕ್ಕೆ ನಾಲ್ಕು ಬೆರಳು ಕಮ್ಮಿ,
ಅವಳಿ ಹೊಟ್ಟೆ, ಫೈಬರ್ ಮೈ, ಬಣ್ಣ ಇನ್ನೂ ಕಂಡಿಲ್ಲ.
"ಕಾಕಾ, ರೇಸಿಗೆ. ಎರಡು ಮೋಟರ್ ಕೂರಿಸ್ಬೇಕು. ಯಾವುದು?"

ಯಾವುದು ಅಂದರೆ?
ಐದು ಎಚ್‌ಪಿಗೆ ಇಷ್ಟು ಸುತ್ತು, ಏಳೂವರೆಗೆ ಇಂಥ ಗೇಜು,
ಅದು ನನ್ನ ಮಗ್ಗಿ.
ಇದೋ, ಲಿಂಬೆಹಣ್ಣಿನ ದಪ್ಪ, ಬೆರಳಿನ ಉದ್ದ,
ಬ್ರಷ್ಷಿಲ್ಲ, ಕಾರ್ಬನ್ನಿಲ್ಲ,
ಹಿಂದಿನಿಂದ ಹೊರಟ ಮೂರು ತಂತಿ.
ಮೂರು!
ಅಲ್ಲಿಗೆ ನನಗೆ ಜೀವ ಬಂತು.
ಮೂರು ಫೇಸಿನ ಸಂಸಾರ ನಾನು ಕಾಣದ್ದಲ್ಲ.

ಮೈಮೇಲೆ ಅಂಕಿ: ಎರಡು ಸಾವಿರದ ಎಂಟುನೂರು.
ಒಂದು ವೋಲ್ಟಿಗೆ ನಿಮಿಷಕ್ಕೆ ಅಷ್ಟು ಸುತ್ತಂತೆ.
ಬ್ಯಾಟರಿ ಹದಿನೈದು ವೋಲ್ಟಿಗೆ ಚೂರು ಕಮ್ಮಿ.
ಗುಣಿಸಿದೆ. ಪೆನ್ಸಿಲನ್ನು ಕಿವಿಗೆ ಸಿಕ್ಕಿಸಿ
ತೆಗೆದು ಮತ್ತೆ ಗುಣಿಸಿದೆ.
ನಲವತ್ತೊಂದು ಸಾವಿರ!
ಇಷ್ಟು ತಿರುಗಿ ಎಲ್ಲಿಗೆ ಹೋಗ್ತತಮ್ಮಾ, ಹರಿಹರಕ್ಕಾ?
ನೀರು ಹಿಡಿಯೋದಿಲ್ಲ ಇದು, ಬರೇ ನೊರೆ ಕಡೀತತಿ.

ಇನ್ನೊಂದು ನಮೂನೆಗೆ ಸಾವಿರದ ಎಂಟುನೂರು.
ಡಬ್ಬಿ ಉದ್ದ, ಕೈಗೆ ಭಾರ.
ಮೊದಲನೆಯದು ಓಣಿ ಹುಡುಗ, ಬಾಯಿ ಜಾಸ್ತಿ;
ಇದು ಮಂಡಿಪೇಟೆ ಹಮಾಲ,
ಕ್ವಿಂಟಲ್ ಹೊತ್ತರೂ ತುಟಿಯ ಬೀಡಿ ಆರದು.

ಒಳಗಿಂದ ಗೌಸ್‌ಪೀರ:
"ರೇಸಿಗೆ ಹಮಾಲನ್ನ ಕಳಸ್ತೀಯೇನೋ ಕರಿಬಸಣ್ಣಾ?"
ಇಪ್ಪತ್ತೆರಡು ವರ್ಷ ಆಯಿತು, ನಾನು ತಾಮ್ರ ಎಂದರೆ
ಅವನು ವಾರ್ನಿಷ್ ಎನ್ನುತ್ತಾನೆ.

ಹಮಾಲರು ಮೂವರು ಬಂದರು,
ಒಬ್ಬನನ್ನು ವಾಪಸ್ಸು ಮಾಡುವ ಮಾತಿನ ಮೇಲೆ.
ಒಂದೊಂದನ್ನೇ ಡ್ರಿಲ್ಲಿಗೆ ಕಚ್ಚಿಸಿ ನಾವೇ ತಿರುಗಿಸಿದೆವು.
ತಿರುಗಿಸಿದರೆ ಅದೂ ಕರೆಂಟು ಹುಟ್ಟಿಸುತ್ತದೆ,
ಮೀಟರು ಸುಳ್ಳು ಹೇಳುವುದಿಲ್ಲ:
ಒಂದು ಪಾಯಿಂಟ್ ಒಂಬತ್ತು. ಒಂದು ಪಾಯಿಂಟ್ ಹದಿಮೂರು.
ಮತ್ತೆ ಹದಿಮೂರು.
ಒಂದೇ ಡಬ್ಬಿ, ಒಂದೇ ಚೀಟಿ, ಒಂದೇ ದಿನದ ಹೆರಿಗೆ,
ಆದರೂ.
ಒಂಬತ್ತನ್ನು ಪಕ್ಕಕ್ಕಿಟ್ಟೆ. ಅದರ ತಪ್ಪೇನಿಲ್ಲ,
ಅದರ ಜೋಡಿ ಬೇರೆಲ್ಲೋ ಇರಬೇಕು.

ಇನ್ನು, ಎರಡೂ ಒಂದೇ ಕಡೆ ತಿರುಗಿದರೆ ದೋಣಿ ವಾಲುತ್ತದೆ.
ಒಂದು ಬಲಕ್ಕೆ, ಒಂದು ಎಡಕ್ಕೆ ಸುತ್ತಿದರೇ
ಮೂಗಿನ ನೇರಕ್ಕೆ ಹೋಗುವುದು.
ಹುಡುಗಿ ಫೋನು ತೆಗೆದು ಎಂಥದ್ದೋ ಸೆಟ್ಟಿಂಗ್ ಹುಡುಕತೊಡಗಿದಳು.
ನಾನು ಮೂರರಲ್ಲಿ ಎರಡು ತಂತಿ ಕಿತ್ತು
ಅದಲು ಬದಲು ಚುಚ್ಚಿದೆ.
ಉಲ್ಟಾ ತಿರುಗಿದ ಬೋರಿನ ಮುಂದೆ, ರಾತ್ರಿ ಹನ್ನೊಂದಕ್ಕೆ,
ಬಾಯಲ್ಲಿ ಟಾರ್ಚು ಕಚ್ಚಿಕೊಂಡು
ಎಷ್ಟು ಸಲ ಮಾಡಿದ್ದೇನೋ ಇದನ್ನೇ.
"ಅಷ್ಟೇನಾ ಕಾಕಾ?"
ಅಷ್ಟೇ.

ಭಾನುವಾರ, ಬಾತಿ ಕೆರೆ. ಗುಡ್ಡದ ಕಡೆಯಿಂದ ತೆಳ್ಳನೆ ಗಾಳಿ.
ರಿಮೋಟಿನ ಕುದುರೆ ಒತ್ತಿದಳು.
ಸೀಳಿತು ನೋಡಿ ನೀರು,
ದರ್ಜಿ ಹಲ್ಲಲ್ಲಿ ಕಚ್ಚಿ ಹರಿದ ಕೋರಾ ಬಟ್ಟೆಯ ಹಾಗೆ
ಚರ್ರನೆ, ಒಂದೇ ಗೆರೆ.
ಮೀನು ಹಿಡಿಯುವವರು ಗಾಳ ಮೇಲೆತ್ತಿ ಬೈದರು.
ಗೌಸ್‌ಪೀರ ಟೋಪಿ ತೆಗೆದು ತಲೆ ಕೆರೆದುಕೊಂಡ,
ಏನೂ ಅನ್ನಲಿಲ್ಲ.

ನಾಲ್ಕನೇ ಸುತ್ತಿಗೆ ದೋಣಿ ಕುಂಟಿತು.
ದಡಕ್ಕೆ ಎಳೆದು ಮುಚ್ಚಳ ಬಿಚ್ಚಿದರೆ ಬಲಗಡೆಯದು ಕೆಂಡ:
ತಣ್ಣೀರು ಒಯ್ಯುವ ಕೊಳವೆಗೆ ಪಾಚಿ ಕಟ್ಟಿತ್ತು.
ಅವಳು ನನ್ನ ಮುಖವನ್ನೇ ನೋಡಿದಳು.
ಬಗ್ಗಿ ಮೂಸಿದೆ.
ಬಿಸಿ ಎಣ್ಣೆ, ಕೆರೆಯ ಹಸಿವಾಸನೆ. ವಾರ್ನಿಷ್ ಇಲ್ಲ.
ಸತ್ತಿಲ್ಲ, ಅಂದೆ.

"ಆ ಎರಡು ಸಾವಿರದ ಎಂಟುನೂರು ಹಾಕಿದ್ರೆ..."
ಗೌಸ್‌ಪೀರ ಶುರುಮಾಡಿದ.

ವಾಪಸ್ಸು ಹೋಗಬೇಕಿದ್ದ ಒಂಬತ್ತು
ಇನ್ನೂ ನನ್ನ ಡ್ರಾಯರಿನಲ್ಲೇ ಇದೆ.
ಗಿರಾಕಿ ಬಾರದ ಮಧ್ಯಾಹ್ನ ತೆಗೆದು
ಎರಡು ಬೆರಳಲ್ಲಿ ತಿರುವುತ್ತೇನೆ.
ಒಳಗಿನ ಅಯಸ್ಕಾಂತ ಹಲ್ಲು ಹಲ್ಲಿಗೂ ತಡೆದು
ಬಿಡುತ್ತದೆ, ತಡೆದು
ಬಿಡುತ್ತದೆ.