ಸೇತುವೆ ಕಂಪನಿ, ನವೆಂಬರ್

ನಮ್ಮಲ್ಲೊಂದು ಉಕ್ಕಿನ ಸೇತುವೆಯಿದೆ, ಮಡಚಿ ಇಟ್ಟದ್ದು,
ಲಾರಿಗಳ ಬೆನ್ನ ಮೇಲೆ, ಟಾರ್ಪಾಲಿನ ಕೆಳಗೆ.
ನೀರಿಗೆಸೆದರೆ ತಾನೇ ತೆರೆದುಕೊಳ್ಳುತ್ತದಂತೆ.
ಕೈಪಿಡಿಯಲ್ಲಿ ಚಿತ್ರವಿದೆ.

ಮಿಸ್ಸೌರಿ ನದಿ ಹರಿಯುವುದು ನಮ್ಮ ಬೇಲಿಯಿಂದ
ಅರ್ಧ ಮೈಲು ಆಚೆ. ಗಾಳಿ ಇತ್ತ ಬೀಸಿದರೆ
ಅದರ ವಾಸನೆ ಹಾಜರಿ ಪುಸ್ತಕದವರೆಗೂ ಬರುತ್ತದೆ.

ಶನಿವಾರ ಬೆಳಿಗ್ಗೆ ಏಳು. ತಲೆಯೆಣಿಕೆ.
ಅರವತ್ತೆರಡು ತಲೆ; ಪಟ್ಟಿಯಲ್ಲಿ ಎಪ್ಪತ್ತೊಂದು.
ಉಳಿದ ಒಂಬತ್ತನ್ನು ಹುಡುಕಿ ಹತ್ತು ಗಂಟೆಯವರೆಗೆ ಫೋನು.
ಒಬ್ಬ ಸಿಕ್ಕ, ಮೈನಾಟಿನ ಆಸ್ಪತ್ರೆಯಲ್ಲಿ, ಹೆಂಡತಿಯ ಹೆರಿಗೆ.
ಅಭಿನಂದನೆ ಎಂದೆ. ಆಮೇಲೆ,
ಅವಲಂಬಿತರ ನಮೂನೆ ಮರೆಯಬೇಡ ಎಂದೆ.

ನಾನು ಸಾರ್ಜೆಂಟ್ ಓಡೆಗಾರ್ಡ್. ವಾರದ ದಿನಗಳಲ್ಲಿ
ಗೋಧಿ ಕಣಜಗಳ ಬೆಲ್ಟು ರಿಪೇರಿ ಮಾಡುವವನು.
ಅಲ್ಲಿ ಬೆಲ್ಟು ಹರಿದರೆ ಬೆಲ್ಟು ಹೊಲಿಯುತ್ತೇನೆ.
ಇಲ್ಲಿ ಬೆಲ್ಟು ಹರಿದರೆ ಹರಿದದ್ದಕ್ಕೊಂದು ಅರ್ಜಿ,
ಅರ್ಜಿಗೆ ಸಂಖ್ಯೆ, ಸಂಖ್ಯೆಗೆ ಪಾಸ್‌ವರ್ಡು,
ಪಾಸ್‌ವರ್ಡಿನ ಅವಧಿ ಮುಗಿದಿದೆ.

ಹಲ್ಲಿನ ತಪಾಸಣೆ. ಕಿವಿಯ ತಪಾಸಣೆ.
ಉಯಿಲಿನ ನವೀಕರಣ.
ನಾನು ಸತ್ತರೆ ಟ್ರಕ್ಕು ತಮ್ಮನಿಗೆ, ನಾಯಿ ಮಾಜಿ ಹೆಂಡತಿಗೆ
ಎಂದು ಬರೆಯಹೊರಟ ಲುಬಿನ್‌ಸ್ಕಿ;
ನಾಯಿಗೆ ಅಂಕಣವಿಲ್ಲ ಎಂದಿತು ಪರದೆ.
ಬಿಸಿಲಾಘಾತ ತಡೆಯುವ ಬಗ್ಗೆ ನಲವತ್ತು ಸ್ಲೈಡು.
ಹೊರಗೆ ಸೊನ್ನೆಗಿಂತ ಆರು ಡಿಗ್ರಿ ಕೆಳಗೆ.
‘ಮುಂದೆ’ ಒತ್ತುತ್ತ ಒತ್ತುತ್ತ
ತೋರುಬೆರಳೊಂದು ಪಳಗಿತು.

ಮಧ್ಯಾಹ್ನ ಸ್ಪ್ಯಾನರ್ ಎಣಿಕೆ. ಹೊಸ ಕ್ಯಾಪ್ಟನ್ ಬಂದಿದ್ದಾರೆ,
ಹಳಬರ ಹೊರೆ ಹೊಸಬರ ಸಹಿಗೆ ಇಳಿಯಬೇಕು.
ಮುನ್ನೂರ ಹದಿನಾಲ್ಕರಲ್ಲಿ ಒಂದು ಇಲ್ಲ.
ಆ ಒಂದಕ್ಕೆ ಇಪ್ಪತ್ತಾರು ಜನ, ಟಾರ್ಚು ಹಿಡಿದು, ಮಂಡಿಯೂರಿ.
ಸಿಕ್ಕಿತು ಕೊನೆಗೆ, ಕಕ್ಕಸಿನ ಕಿಟಕಿ ಗಾಳಿಗೆ ಬಡಿಯದಂತೆ
ಯಾರೋ ಸಂದಿಗೆ ತುರುಕಿದ್ದು.
ಇಡೀ ಶಸ್ತ್ರಾಗಾರದಲ್ಲಿ
ಕೆಲಸ ಮಾಡುತ್ತಿದ್ದ ಸ್ಪ್ಯಾನರ್ ಅದೊಂದೇ.

ಯುದ್ಧಕಾಲೇ ಶಸ್ತ್ರಾಭ್ಯಾಸ ಎಂದು ನಗುತ್ತಾರಲ್ಲ ಜನ,
ನಗಲಿ. ಅದಕ್ಕೂ ಮೊದಲೊಂದು ನಮೂನೆ ತುಂಬಬೇಕು.

ಭಾನುವಾರ. ವೇಳಾಪಟ್ಟಿಯಲ್ಲಿ ಒಂದೇ ಒಂದು ಸಾಲು:
ದೋಣಿ ಮತ್ತು ಸೇತುವೆ, ಒಂದೂವರೆಯಿಂದ ಮೂರು.
ದೋಣಿಯ ಬ್ಯಾಟರಿ ಸತ್ತಿತ್ತು. ಬ್ಯಾಟರಿ ಕೋಣೆಯ ಕೀಲಿ ಇದ್ದವನು
ಮೈನಾಟಿನಲ್ಲಿ, ಮಗು ಎತ್ತಿಕೊಂಡು.
ಕವಾಯತು ಕೋಣೆಯ ನೆಲದ ಮೇಲೆ
ಸೀಮೆಸುಣ್ಣದಲ್ಲಿ ನದಿ ಬರೆದೆ.
ಎರಡು ಗೆರೆ. ನಡುವೆ ಸಿಮೆಂಟು.
ಹುಡುಗರು ಅದಕ್ಕಿಳಿದು ನಿಂತರು, ಕೈಯಲ್ಲಿ ಇಲ್ಲದ ಹಗ್ಗ.

ಆಗ ಕೇಳಿದಳು ಹೊಸಬಳು, ಶೆಲ್‌ಸ್ಟಾಡ್, ಹತ್ತೊಂಬತ್ತರ ಹುಡುಗಿ:
“ಸಾರ್ಜೆಂಟ್, ಸೆಳೆತ ಯಾವ ಕಡೆಗೆ?”
ಗೆರೆ ನೋಡಿದೆ. ಬಾಣ ಹಾಕುವುದು ಮರೆತಿದ್ದೆ.

ನಾಲ್ಕಕ್ಕೆ ಬಿಡುಗಡೆ. ಸಮವಸ್ತ್ರ ಚೀಲಕ್ಕೆ.
ಸಂಬಳದ ಗಡಿಯಾರ ನಿಂತ ಮೇಲೆ
ನನ್ನ ಸ್ವಂತ ಪಿಕಪ್ಪಿನಲ್ಲಿ, ಸ್ವಂತ ಹಗ್ಗ ಹಾಕಿಕೊಂಡು
ಐದು ಜನ ನದಿಗೆ ಹೋದೆವು.
ದಡದಂಚಿಗೆ ಹಾಲಿನ ಕೆನೆಯಷ್ಟು ತೆಳ್ಳಗೆ ಮಂಜುಗಡ್ಡೆ.
ಲುಬಿನ್‌ಸ್ಕಿ ಎಸೆದ ಹಗ್ಗ ಅರ್ಧಕ್ಕೇ ಬಿತ್ತು.
ಇನ್ನೊಮ್ಮೆ. ಬೈದ. ಮತ್ತೊಮ್ಮೆ,
ಮರಳದಿಬ್ಬದ ಬೊಡ್ಡೆಗೆ ಸುತ್ತಿ ನಿಂತಿತು.
ಶೆಲ್‌ಸ್ಟಾಡ್ ಸೊಂಟಕ್ಕೆ ಗಂಟು ಹಾಕಿಕೊಂಡು
ಮೊಣಕಾಲು ಮುಳುಗುವವರೆಗೆ ಇಳಿದಳು.
ಒಂದು ಕಿರುಚು, ಆಮೇಲೆ ಮೌನ;
ಆ ಮೌನದಲ್ಲಿ ಅವಳ ಕಾಲು ಏನನ್ನೋ ಓದಿಕೊಳ್ಳುತ್ತಿತ್ತು.
“ಎಡಕ್ಕೆ ಎಳೀತಿದೆ,” ಅಂದಳು. “ಮೇಲೊಂಥರಾ, ತಳದಲ್ಲೊಂಥರಾ.”

ಹದಿನೇಳು ನಿಮಿಷ. ಗಡಿಯಾರ ನೋಡಿದ್ದೆ.
ಎಲ್ಲೂ ಬರೆಯಲಿಲ್ಲ.
ಅನುಮತಿಯಿಲ್ಲದೆ ನೀರಿಗಿಳಿದದ್ದಕ್ಕೂ ಒಂದು ನಮೂನೆಯಿದೆ.

ಸೋಮವಾರ ಕಣಜದ ಏಣಿಯ ಮೇಲಿದ್ದಾಗ
ಜೇಬಿನಲ್ಲಿ ಮೊಬೈಲು ಗುಂಯ್‌ಗುಟ್ಟಿತು. ತಿಂಗಳ ವರದಿ.
ಹಲ್ಲು ಹಸಿರು, ಕಿವಿ ಹಸಿರು, ಸೇತುವೆಯೂ ಹಸಿರು.
ನವೆಂಬರಿನ ಈ ಸೀಮೆಯಲ್ಲೆಲ್ಲ
ಹಸಿರಾಗಿರುವುದು ಅದೊಂದು ಹಾಳೆ.

ಅದರ ಕೆಳಗೆ ಶೆಲ್‌ಸ್ಟಾಡಳ ಸಂದೇಶ:
ಕಾಲ್ಬೆರಳು ಹತ್ತೂ ವಾಪಸು ಬಂದಿವೆ, ಸಾರ್ಜೆಂಟ್.
ಮುಂದಿನ ಸಲ ಉದ್ದದ ಹಗ್ಗ ತರ್ತೀನಿ.
ಆದರೆ ಡಿಸೆಂಬರಿಗೆ ನದಿ ಹೆಪ್ಪುಗಟ್ಟಿರುತ್ತಲ್ವಾ?

ಏಣಿಯ ಮೇಲಿಂದ ನೋಡಿದೆ. ಹರಿಯುತ್ತಿತ್ತು ಇನ್ನೂ.
ಕೈಗವಸು ಕಳಚಿ, ಆ ಪಳಗಿದ ಬೆರಳಲ್ಲಿ
‘ಏಪ್ರಿಲ್’ ಎಂದು ಒತ್ತಿದೆ.