ಹದಿನೇಳನೇ ಡಬ್ಬಿ

ಕಾಮಾಕ್ಷಿಪಾಳ್ಯದಲ್ಲಿ, ಹಿಟ್ಟಿನ ಗಿರಣಿಯ ಮೇಲೆ
ನಮ್ಮ ರೂಮು. ಕೆಳಗೆ ರಾಗಿ ಬಿದ್ದರೆ
ಮೇಲೆ ಮೇಜು ನಡುಗುತ್ತದೆ,
ರೆಸಿಸ್ಟರುಗಳು ಡಬ್ಬಿಯೊಳಗೆ ಮಗ್ಗುಲು ಬದಲಿಸುತ್ತವೆ.

ಡಬ್ಬಿಗಳೆಂದರೆ ಉಪ್ಪಿನಕಾಯಿಯವು, ಪೆಪ್ಪರಮಿಂಟಿನವು,
ಯಾರದೋ ಮದುವೆ ತಾಂಬೂಲದ ಸ್ಟೀಲಿನದೊಂದು.
ಚೀಟಿ ಬರೆದದ್ದು ಫಿಲೋಮಿನಾ ಮೇಡಂ,
ಟೆಲಿಫೋನ್ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಬೆಸುಗೆ ಹಾಕಿದ ಕೈ:
ಕೆಪಾಸಿಟರ್, ಒಳ್ಳೇದು.
ಕೆಪಾಸಿಟರ್, ಅನುಮಾನ.
ಸ್ಕ್ರೂ, ಯಾವುದಕ್ಕೂ ಕೂರದ್ದು.
ಹದಿನೇಳನೆಯದರ ಮೇಲೆ ಮಾತ್ರ ಉದ್ದಕ್ಕೆ:
ಬೋರ್ಡು. ತಗೊಂಡರೆ ಬರೀರಿ.
ಖಾಲಿ ಮಾಡಿ ಇಡಿ. ಇಟ್ಟರೂ ಬರೀರಿ.

ಆರು ಇರಬೇಕಿತ್ತು. ಎರಡಿದ್ದವು.
ಒಂದರ ಪಿನ್ನು ಮುರಿದಿತ್ತು.
ಇನ್ನೊಂದರ ಹಿಟ್ಟನ್ನು ಉಫ್ ಎಂದು ಊದಿ
ಕೇಬಲ್ ಚುಚ್ಚಿದೆ.

ಕೆಂಪು ದೀಪ ಹತ್ತಿತು. ಸರಿ, ಜೀವ ಇದೆ.
ಬೋರ್ಡಿನ ಒಂದು ಬೋಳು ಕಾಲಿಗೆ
ಬೆರಳು ತಾಗಿದ್ದೇ ತಡ,
ಬಿಚ್ಚದೆ ಬಿಟ್ಟಿದ್ದ ಬಜರು ಕೂಗಿಕೊಂಡಿತು.
ಕೈ ತೆಗೆದೆ, ಸುಮ್ಮನಾಯಿತು.
ಇಟ್ಟೆ. ಮತ್ತೆ ಅದೇ ರಂಪ.

ಒಳಗೆ ಯಾರದೋ ಬರಹ ಹಾಗೇ ಉಳಿದಿದೆ.
ಪುಸ್ತಕ ತಿರುವಿದೆ. ಮಾರ್ಚ್, ಹಸಿರು ಇಂಕು:
ನೂರ್ ಆಯೇಷಾ, ಪಾದರಾಯನಪುರ.
ಕೆಲಸ: ನೀರು.

ಅಂದರೆ ಸಂಪಿನೊಳಗೆ ಎರಡು ತಂತಿ,
ರಾತ್ರಿ ಎರಡೂವರೆಗೋ ನಾಲ್ಕಕ್ಕೋ
ನಲ್ಲಿ ಕೆಮ್ಮಿ, ಗಾಳಿ ಕಾರಿ, ನೀರು ಬಂದು ಮುಟ್ಟಿದರೆ
ಇದು ಕೂಗಬೇಕು, ಮನೆ ಏಳಬೇಕು.
ಈಗ ಸಂಪಿಲ್ಲ, ತಂತಿಯಿಲ್ಲ,
ನನ್ನ ಬೆರಳ ತುದಿಯನ್ನೇ
ಕಾವೇರಿ ಅಂದುಕೊಂಡಿದೆ ಪಾಪ.

ಅಳಿಸುವುದಕ್ಕೆ ಮನಸ್ಸಾಗಲಿಲ್ಲ. ಫೋನ್ ಮಾಡಿದೆ.
"ಅಳಿಸಣ್ಣಾ, ಅದಕ್ಕೇನು?
ಮನೆ ಬದಲಾಯಿಸಿದ್ವಿ. ಇಲ್ಲಿ ಟ್ಯಾಂಕರು.
ಟ್ಯಾಂಕರು ತಾನೇ ಹಾರ್ನ್ ಹೊಡೆಯುತ್ತೆ."

ಅಪ್‌ಲೋಡ್ ಒತ್ತಿದೆ.
ಒಂದು ಮನೆಯವರ ನಿದ್ದೆಗೆಟ್ಟ ಬೇಸಿಗೆ
ಹನ್ನೊಂದು ಸೆಕೆಂಡಿಗೆ ಹೋಯಿತು.

ನಾನು ಕನ್ನಡಕದ ಅಂಗಡಿಯವನು.
ನನ್ನ ಕಷ್ಟ ಪಾರಿವಾಳ:
ಅಂಗಡಿ ಹೆಸರಿನ ಹಲಗೆಯ ಮೇಲೆ ಕೂತು
'ಆಪ್ಟಿಕಲ್ಸ್' ಅನ್ನು ಬೆಳ್ಳಗೆ ಮಾಡಿಟ್ಟಿವೆ.
ಪುಟ್ಟ ಮೋಟರಿಗೆ ಹಳೇ ಎಕ್ಸ್‌ರೇ ಪಟ್ಟಿ ಕಟ್ಟಿ
ಬೀಸು ಎಂದು ಬರೆದೆ. ಬೀಸಿತು.
ಎರಡು ದಿನ ಹೆದರಿದವು.
ಮೂರನೇ ದಿನ ಒಂದು ಬಂದು
ಮೋಟರಿನ ಮೇಲೇ ಕೂತಿತು.

ನಿನ್ನೆ ವಾಪಸ್ ಇಟ್ಟೆ. ಪುಸ್ತಕದಲ್ಲಿ ಬರೆದೆ:
ಕೆಲಸ: ಪಾರಿವಾಳ. ಆಗಲಿಲ್ಲ.
ಮೋಟರು ಬಿಚ್ಚಲಿಲ್ಲ. ಖಾಲಿಯನ್ನೂ ಮಾಡಲಿಲ್ಲ.
ಮರೆತೆ ಅಂತಲೇ ಇಟ್ಟುಕೊಳ್ಳಿ, ಮೇಡಂ.

ನಾಳೆಯೋ ನಾಳಿದ್ದೋ
ಯಾರೋ ಕೇಬಲ್ ಚುಚ್ಚುತ್ತಾರೆ.
ಗಿರಣಿಯ ಹಿಟ್ಟು ಹಾರುವ ಮೇಜಿನ ಮೇಲೆ
ಯಾರದೋ ಪಕ್ಕೆಲುಬಿನ ಚೂರೊಂದು
ಎದ್ದು ನಿಂತು
ಹುಶ್, ಹುಶ್ ಅನ್ನುತ್ತದೆ
ಅಲ್ಲಿಲ್ಲದ ಹಕ್ಕಿಗೆ.