ಕಪ್ಪು ಮೂಲೆ, ಬಿಳಿ ಮನೆಯ ಒಂಟೆ

ಮುಹರ್ರಕ್‌ನ ಈ ಇಸ್ತ್ರಿ ಅಂಗಡಿಯಲ್ಲಿ
ಆಟ ಶುರುವಾಗುವುದೇ ಕೊನೆಯಿಂದ.
ಹಲಗೆ ಇದೆ, ಅರವತ್ನಾಲ್ಕು ಮನೆಯೂ ಇದೆ,
ಕಾಯಿಗಳು ಮಾತ್ರ ನಾನು ಬರುವ ಮೊದಲೇ ಕಳೆದುಹೋಗಿದ್ದವು.
ಉಳಿದದ್ದು ಎರಡು ರಾಜ, ಒಂದು ಒಂಟೆ.
ಕಾಲಾಳಿನ ಜಾಗಕ್ಕೆ
ಯಾರದೋ ಥೋಬಿನಿಂದ ಉದುರಿದ ಗುಂಡಿ.

ಹಾಜಿ ಮರ್ಹೂನ್ ಒಂಟೆಯನ್ನು ‘ಫೀಲ್’ ಅನ್ನುತ್ತಾನೆ.
ಫೀಲ್ ಅಂದರೆ ಆನೆ.
ನಮ್ಮಲ್ಲಿ ಆನೆ ಅಂದರೆ ಮೂಲೆಯಲ್ಲಿ ನಿಲ್ಲುವ ಬೇರೆ ಕಾಯಿ, ಅಂದೆ.
ಆತ ನಕ್ಕು, ಕೆಮ್ಮಿ, ಹೇಳಿದ:
ಒಂಟೆ ಇರುವ ಊರಲ್ಲಿ ಇದು ಆನೆ,
ಆನೆ ಇರುವ ಊರಲ್ಲಿ ಇದು ಒಂಟೆ,
ಎಲ್ಲಿ ಹೋದರೂ ಪಾಪ, ಹೊರಗಿನದೇ.

ಒಂಟೆ, ಗುಂಡಿ ನನ್ನವು. ಆತನಿಗೆ ಬರೀ ರಾಜ.
ಎರಡು ಕಾಯಿ ಹೆಚ್ಚಿದ್ದೂ ನಾನು ಗೆದ್ದವನಲ್ಲ.
ಗುಂಡಿ ಅಂಚಿನ ಸಾಲಿನದು,
ಅದು ಮಂತ್ರಿಯಾಗಬೇಕಾದ ಮೂಲೆ ಕಪ್ಪು,
ನನ್ನ ಒಂಟೆಗೆ ಬಿಳಿ ಮನೆ ಬಿಟ್ಟು ದಾರಿ ಗೊತ್ತಿಲ್ಲ.
ಆತ ರಾಜನನ್ನು ತಂದು ಆ ಮೂಲೆಯಲ್ಲಿ ಕೂರಿಸುತ್ತಾನೆ,
ಪಕ್ಕದ ಮನೆಗೆ ಒಂದು ಹೆಜ್ಜೆ, ಮತ್ತೆ ಮೂಲೆಗೆ,
ಊಟವಾದ ಮೇಲೆ ಅಂಗಳದಲ್ಲಿ ಅಡ್ಡಾಡುವವರ ಹಾಗೆ.
ಒತ್ತಿ ಹೋದರೆ ಆತನಿಗೆ ನಡೆಯೇ ಇಲ್ಲ,
ಕಿಶ್ಶೂ ಇಲ್ಲ. ಆಟ ಸಮ.
ಖಲಾಸ್ ಎಂದು ನನ್ನ ಲೋಟದ ಚಹಾ ಕುಡಿಯುತ್ತಾನೆ.

ಒಂಟೆ ಬಾಯ್ಲರಿನ ಅಡಿಗೆ ಉರುಳಿ ಸಿಗದ ಒಂದು ವಾರ
ಗುಂಡಿಯನ್ನು ನಡುಸಾಲಿಗೆ ತಂದು ಬೇರೆ ಪಾಠ.
ರಾಜರಿಬ್ಬರು ಎದುರುಬದುರು, ನಡುವೆ ಒಂದೇ ಖಾಲಿ ಮನೆ:
ಯಾರ ಸರದಿಯೋ ಅವನೇ ದಾರಿ ಬಿಡಬೇಕು.
ಗುಂಡಿಗಿಂತ ಮುಂದೆ ನೀನು ನಡಿ,
ಹಿಂದೆ ನಿಂತು ತಳ್ಳುವವನು ರಾಜನಲ್ಲ, ಹಮಾಲಿ.
ಸುಮ್ಮನೆಯ ನಡೆಯೊಂದನ್ನು ಕೈಯಲ್ಲಿ ಉಳಿಸಿಕೊಂಡಿರು.
ಗಂಗೊಳ್ಳಿಯ ಅಳಿವೆಯಲ್ಲಿ ಉಬ್ಬರ ಏರುವವರೆಗೆ
ಹುಟ್ಟು ಮುಟ್ಟದೆ ಕೂತಿರುತ್ತಿದ್ದ ನನ್ನಪ್ಪನಿಗೆ
ಹಲಗೆಯಿಲ್ಲದೆಯೇ ಇದು ಗೊತ್ತಿತ್ತು.

ಜುಲೈ. ಗಾಳಿಯೇ ಹಿಂಡದ ಬಟ್ಟೆ.
ಎಂದೂ ಹೋಗದ ಕರೆಂಟು ಅಂದು ಹೋಯಿತು.
ಕತ್ತಲಲ್ಲಿ ಆತ ಲೋಟಕ್ಕೆ ಕೈಚಾಚಿದ,
ನಾನು ಟವೆಲ್ಲಿಗೆ.
ಬೆಳಕು ಬಂದಾಗ ಒಂಟೆ ಕಪ್ಪು ಮನೆಯಲ್ಲಿತ್ತು.

ಇಬ್ಬರೂ ನೋಡಿದೆವು. ಇಬ್ಬರೂ ಏನೂ ಅನ್ನಲಿಲ್ಲ.
ಒಂಬತ್ತೇ ನಡೆ.
ಒಂಟೆ ಉದ್ದನೆಯ ಓರೆಯಲ್ಲಿ ನಿಂತು
ಮುದಿ ರಾಜನನ್ನು ಮೂಲೆಯಿಂದ ಎಬ್ಬಿಸಿತು.
ಗುಂಡಿ ತುದಿ ಮುಟ್ಟಿತು, ಮಂತ್ರಿ ಎಂದು ಸೋಡಾ ಮುಚ್ಚಳ ಇಟ್ಟೆ.
ಆತ ರಾಜನನ್ನು ಮೆಲ್ಲಗೆ ಮಲಗಿಸಿದ,
ಮಬ್ರೂಕ್ ಅಂದ,
ಜೇಬು ತಡವಿ ಇಸ್ತ್ರಿಯ ಇನ್ನೂರು ಫಿಲ್ಸ್ ಎಣಿಸಿಟ್ಟ,
ಹನ್ನೊಂದು ವರ್ಷದಲ್ಲಿ ಮೊದಲ ಸಲ.
ಆ ನಾಣ್ಯಗಳನ್ನು ರಾತ್ರಿಯಿಡೀ ಗಲ್ಲಾಕ್ಕೆ ಹಾಕಲಾಗಲಿಲ್ಲ.

ಮರುಸಂಜೆ ಆತ ಬರುವ ಮೊದಲೇ
ಒಂಟೆಯನ್ನು ಬಿಳಿ ಮನೆಗೆ ಸರಿಸಿಟ್ಟಿದ್ದೆ.
ಬಂದ. ಕನ್ನಡಕ ಒರೆಸಿ ಹಲಗೆ ನೋಡಿದ,
ತುಸು ಹೆಚ್ಚೇ ಹೊತ್ತು.
ಚಹಾ ತಣಿಯಿತು.
ಯಾರ ಸರದಿ, ಎಂದು ಕೇಳಿದ.
ನನ್ನದು, ಅಂದೆ.